ಬ್ಲೆಂಡರ್‌ನಲ್ಲಿ ನಿಜವೆನಿಸುವ ಬೆಂಗಳೂರಿನ ಬೀದಿ: ಅಳತೆಯಿಂದ ಕೊನೆಯ ರೆಂಡರ್‌ವರೆಗೆ

ಕಂಪ್ಯೂಟರಿನಲ್ಲಿ ಕಟ್ಟಿದ ಬೀದಿ ಸುಳ್ಳು ಅನ್ನಿಸುವುದು ಅಲ್ಲಿ ವಿವರ ಕಡಿಮೆ ಇರುವುದರಿಂದ ಅಲ್ಲ. ಎಷ್ಟೋ ಸಲ ವಿವರ ಬೇಕಾದಷ್ಟು ಇರುತ್ತದೆ: ಗೋಡೆ ತುಂಬ ಕೊಳೆ, ರಸ್ತೆ ತುಂಬ ಬಿರುಕು, ಮೂಲೆಮೂಲೆಗೂ ತುಕ್ಕು. ಆದರೆ ಆ ಕೊಳೆ ಅಲ್ಲಿಗೆ ಹೇಗೆ ಬಂತು ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ನಿಜವಾದ ಬೀದಿಯಲ್ಲಿ ಪ್ರತಿ ಕಲೆಗೂ ಒಂದು ಕಾರಣ ಇರುತ್ತದೆ. ನೀರು ಹರಿದಿದೆ, ಚಕ್ರ ಉಜ್ಜಿದೆ, ಬಿಸಿಲು ಬಣ್ಣ ತಿಂದಿದೆ, ಯಾರದೋ ಕೈ ಮುಟ್ಟಿದೆ. ಈ ಮಾರ್ಗದರ್ಶಿಯ ಎಲ್ಲ ಹಂತಗಳೂ ಇದೇ ಒಂದು ಪ್ರಶ್ನೆಯ ಸುತ್ತ ಇವೆ: ಇದನ್ನು ಇಲ್ಲಿ ಹೀಗೆ ಮಾಡಿದ್ದು ಯಾವುದು?

ಉದಾಹರಣೆಗೆ ಮಲ್ಲೇಶ್ವರದ ಒಂದು ಕ್ರಾಸ್ ರಸ್ತೆಯನ್ನು ಇಟ್ಟುಕೊಳ್ಳೋಣ. ಅಲ್ಲಿ ಸಂಪಿಗೆ ರಸ್ತೆಯಂಥ ದೊಡ್ಡ ರಸ್ತೆಗಳು ಹೆಚ್ಚುಕಡಿಮೆ ಉತ್ತರ-ದಕ್ಷಿಣವಾಗಿಯೂ ಕ್ರಾಸ್‌ಗಳು ಪೂರ್ವ-ಪಶ್ಚಿಮವಾಗಿಯೂ ಇವೆ. ದಿಕ್ಕು ಯಾಕೆ ಮುಖ್ಯ ಎನ್ನುವುದು ಬೆಳಕಿನ ಹಂತದಲ್ಲಿ ಗೊತ್ತಾಗುತ್ತದೆ. 3ಡಿ ತಂತ್ರಾಂಶ ಬ್ಲೆಂಡರ್ 4.0 ಅಥವಾ ಅದಕ್ಕಿಂತ ಹೊಸದು, ರೆಂಡರ್ ಎಂಜಿನ್ (ದೃಶ್ಯವನ್ನು ಕೊನೆಯ ಚಿತ್ರವಾಗಿ ಮಾಡುವ ಭಾಗ) ಸೈಕಲ್ಸ್. 8 ಜಿಬಿ ಮೆಮೊರಿಯ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಕೆಲಸ ನಡೆಯುತ್ತದೆ, ಆದರೆ ಟೆಕ್ಸ್ಚರ್‌ಗಳ (ಮೇಲ್ಮೈಗೆ ಹೊದಿಸುವ ಚಿತ್ರಗಳ) ಮೇಲೆ ಹಿಡಿತ ಬೇಕು.

ಮೊದಲು ಬೀದಿಗೆ ಹೋಗಿ

ಅಳತೆ ಟೇಪು, ಫೋನು, ಒಂದು ಎ4 ಹಾಳೆ ಸಾಕು. ಗೋಡೆ, ಗೇಟು, ಫುಟ್‌ಪಾತ್‌ಗಳ ಫೋಟೊ ತೆಗೆಯುವಾಗ ಹಾಳೆಯನ್ನು ಪಕ್ಕದಲ್ಲಿ ಇಡಿ. ಅದರ ಉದ್ದ 29.7 ಸೆಂ.ಮೀ. ಎಂದು ಗೊತ್ತಿರುವುದರಿಂದ ಮನೆಗೆ ಬಂದಮೇಲೂ ಬೇರೆಲ್ಲವನ್ನೂ ಅಳೆಯಬಹುದು. ಟೆಕ್ಸ್ಚರ್‌ಗಾಗಿ ತೆಗೆಯುವ ಫೋಟೊಗಳನ್ನು ಮೋಡ ಕವಿದ ದಿನ ತೆಗೆಯಿರಿ. ಬಿಸಿಲಿನಲ್ಲಿ ತೆಗೆದರೆ ನೆರಳು ಫೋಟೊದಲ್ಲೇ ಉಳಿದುಬಿಡುತ್ತದೆ, ಆಮೇಲೆ ನಿಮ್ಮ ದೃಶ್ಯದ ಸೂರ್ಯನಿಗೂ ಅದಕ್ಕೂ ಜಗಳ ಶುರುವಾಗುತ್ತದೆ. ಬೆಳಕು ಹೇಗೆ ಬೀಳುತ್ತದೆಂದು ನೋಡುವ ಫೋಟೊಗಳನ್ನು ಮಾತ್ರ ಬಿಸಿಲಿನಲ್ಲೇ ತೆಗೆದು ಸಮಯ, ದಿಕ್ಕು ಬರೆದಿಟ್ಟುಕೊಳ್ಳಿ. ಜನರ ಮುಖ, ವಾಹನದ ನಂಬರು ಸಿಕ್ಕಿದ್ದರೆ ಟೆಕ್ಸ್ಚರ್‌ಗೆ ಬಳಸುವ ಮೊದಲು ಅಳಿಸಿಬಿಡಿ.

ಅಳತೆ: ಅಡಿ ಲೆಕ್ಕದ ಊರು

ಸೀನ್ ಯೂನಿಟ್ ಮೆಟ್ರಿಕ್ ಇರಲಿ, ಸ್ಕೇಲ್ 1. ಆದರೆ ಬೆಂಗಳೂರಿನ ಬಡಾವಣೆ ಕಟ್ಟಿರುವುದು ಅಡಿ ಲೆಕ್ಕದಲ್ಲಿ, ಆದ್ದರಿಂದ ಮೊದಲು ಅಡಿಯಲ್ಲಿ ಯೋಚಿಸಿ ಆಮೇಲೆ ಮೀಟರಿಗೆ ತನ್ನಿ. 30–40 ಸೈಟು ಎಂದರೆ 9.14 ಮೀ. ಅಗಲ, 12.19 ಮೀ. ಆಳ. 30 ಅಡಿ ರಸ್ತೆಯಲ್ಲಿ ಕಾಂಪೌಂಡಿನಿಂದ ಕಾಂಪೌಂಡಿಗೆ 9.14 ಮೀ. ಇರುತ್ತದೆ. ಅದರಲ್ಲಿ ಡಾಂಬರು ಸುಮಾರು 6 ಮೀ., ಉಳಿದದ್ದು ಎರಡೂ ಕಡೆ ಚಪ್ಪಡಿ ಹಾಸಿದ ಚರಂಡಿ ಮತ್ತು ಗೇಟಿನ ಇಳಿಜಾರು. ಮಹಡಿಯ ಎತ್ತರ 10 ಅಡಿ, ಬಾಗಿಲು 7 ಅಡಿ, ಕಾಂಪೌಂಡು 5 ಅಡಿ, ಮೆಟ್ಟಿಲು 15ರಿಂದ 17 ಸೆಂ.ಮೀ., ಫುಟ್‌ಪಾತಿನ ಅಂಚು ರಸ್ತೆಯಿಂದ 15 ಸೆಂ.ಮೀ. ಮೇಲೆ. ಆಟೋ ಸುಮಾರು 2.6 ಮೀ. ಉದ್ದ, 1.3 ಮೀ. ಅಗಲ, 1.7 ಮೀ. ಎತ್ತರ.

ಅಂತರ್ಜಾಲದಿಂದ ಇಳಿಸಿದ ಮಾದರಿಗಳು ತಮ್ಮದೇ ಅಳತೆಯಲ್ಲಿ ಬರುತ್ತವೆ. ಒಳಗೆ ತಂದ ತಕ್ಷಣ 1.65 ಮೀ. ಎತ್ತರದ ಒಂದು ಆಕೃತಿಯ ಪಕ್ಕ ನಿಲ್ಲಿಸಿ, ಸರಿಪಡಿಸಿ, ಕಂಟ್ರೋಲ್ + ಎ ಒತ್ತಿ ಸ್ಕೇಲ್ ಅಪ್ಲೈ ಮಾಡಿ. ಇದನ್ನು ಮರೆತರೆ ಬೆವೆಲ್ (ಅಂಚನ್ನು ತುಸು ದುಂಡಗೆ ಮಾಡುವುದು) ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳ್ಳಗೆ ಬರುತ್ತದೆ.

ರಸ್ತೆಯನ್ನು ಸಪಾಟಾಗಿ ಇಡಬೇಡಿ. ನೀರು ಬದಿಗೆ ಹರಿಯಲೆಂದು ಡಾಂಬರು ರಸ್ತೆಯ ನಡುಭಾಗವನ್ನು ಎತ್ತರಿಸಿರುತ್ತಾರೆ. ಶೇ. 2ರ ಇಳಿಜಾರು ಹಿಡಿದರೆ 6 ಮೀ. ಅಗಲದ ರಸ್ತೆಯ ನಡು ಅಂಚಿಗಿಂತ 6 ಸೆಂ.ಮೀ. ಮೇಲಿರುತ್ತದೆ. ಕಣ್ಣಿಗೆ ಇದು ಕಾಣಿಸಿದಂತೆ ಅನ್ನಿಸದಿದ್ದರೂ ಪ್ರತಿಫಲನ, ನೆರಳಿನ ಅಂಚು, ಮಳೆನೀರು ನಿಲ್ಲುವ ಜಾಗ ಎಲ್ಲವೂ ಇದರಿಂದಲೇ ತೀರ್ಮಾನವಾಗುತ್ತವೆ.

ಕ್ಯಾಮೆರಾ ಮೊದಲೇ ನಿಲ್ಲಲಿ

ಎಲ್ಲ ಮಾಡೆಲ್ ಮಾಡಿದ ಮೇಲೆ ಕ್ಯಾಮೆರಾ ಇಡುವವರು ಕಾಣದ ಜಾಗಕ್ಕೆ ವಾರಗಟ್ಟಲೆ ದುಡಿಯುತ್ತಾರೆ. ಬರೀ ಡಬ್ಬಗಳ ಹಂತದಲ್ಲೇ ಕ್ಯಾಮೆರಾ ನಿಲ್ಲಿಸಿ. ಎತ್ತರ 1.5ರಿಂದ 1.6 ಮೀ., ಸೆನ್ಸರ್ 36 ಮಿ.ಮೀ., ಫೋಕಲ್ ಲೆಂತ್ 28ರಿಂದ 35. ಕಟ್ಟಡದ ಗೆರೆಗಳು ನೆಟ್ಟಗಿರಬೇಕಾದರೆ ಕ್ಯಾಮೆರಾದ ಎಕ್ಸ್ ರೊಟೇಶನ್ 90 ಡಿಗ್ರಿಯಲ್ಲೇ ಇಟ್ಟು, ಮೇಲೆ ಕೆಳಗೆ ಮಾಡಲು ಶಿಫ್ಟ್ ವೈ ಬಳಸಿ. ಡೆಪ್ತ್ ಆಫ್ ಫೀಲ್ಡ್ ಎಫ್8ರ ಹತ್ತಿರ ಇರಲಿ. ಎಫ್1.4 ಹಾಕಿ ಹಿನ್ನೆಲೆಯನ್ನೆಲ್ಲ ಕರಗಿಸಿದರೆ ಇಡೀ ಬೀದಿ ಆಟದ ಸಾಮಾನಿನ ಹಾಗೆ ಚಿಕ್ಕದಾಗಿ ಕಾಣುತ್ತದೆ.

ಬೆಳಕು

ಅತಿ ಹೆಚ್ಚು ಸಮಯ ಕೊಡಬೇಕಾದದ್ದು ಇದಕ್ಕೆ. ಟೆಕ್ಸ್ಚರ್‌ಗೆ ಕೈಹಾಕುವ ಮೊದಲು ವ್ಯೂ ಲೇಯರ್‌ನ ಮೆಟೀರಿಯಲ್ ಓವರ್‌ರೈಡ್‌ನಲ್ಲಿ ಒಂದೇ ಬೂದು ಬಣ್ಣ ಕೊಟ್ಟು ಇಡೀ ಬೀದಿಯನ್ನು ರೆಂಡರ್ ಮಾಡಿ. ಬೂದು ಬಣ್ಣದಲ್ಲೇ ಅದು ಬೆಂಗಳೂರಿನ ಬೆಳಗ್ಗೆ ಎಂಟರ ಹಾಗೆ ಕಾಣಬೇಕು. ಕಾಣದಿದ್ದರೆ ಎಷ್ಟು ಒಳ್ಳೆಯ ಟೆಕ್ಸ್ಚರ್ ಹಾಕಿದರೂ ಕಾಣುವುದಿಲ್ಲ.

ವರ್ಲ್ಡ್‌ನಲ್ಲಿ ಸ್ಕೈ ಟೆಕ್ಸ್ಚರ್ ಹಾಕಿ, ಸನ್ ಡಿಸ್ಕ್ ಚಾಲೂ ಇರಲಿ, ಆಲ್ಟಿಟ್ಯೂಡ್ 920 ಮೀ. ಕೊಡಿ, ನಮ್ಮ ಊರು ಇರುವುದು ಅಷ್ಟು ಎತ್ತರದಲ್ಲಿ. ಸೂರ್ಯನ ಜಾಗಕ್ಕೆ ಸನ್ ಪೊಸಿಷನ್ ಎಂಬ ಆಡ್‌ಆನ್ ಇದೆ. ಅಕ್ಷಾಂಶ 12.97, ರೇಖಾಂಶ 77.59, ಸಮಯವಲಯ +5.5 ಕೊಟ್ಟು ದಿನಾಂಕ, ಗಂಟೆ ತುಂಬಿ.

ಸರಿಯಾಗಿ ಕೂತಿದೆಯೇ ಎಂದು ಪರೀಕ್ಷಿಸಲು ನೆಲದ ಮೇಲೆ 1 ಮೀ. ಎತ್ತರದ ಕಂಬ ನಿಲ್ಲಿಸಿ. ಏಪ್ರಿಲ್ 24, ಮಧ್ಯಾಹ್ನ 12.18 ಕೊಟ್ಟರೆ ಕಂಬದ ನೆರಳು ಮಾಯವಾಗಬೇಕು, ಅದು ಬೆಂಗಳೂರಿನ ಶೂನ್ಯ ನೆರಳಿನ ದಿನ. ಆಗಸ್ಟ್ 18ರ ಸುಮಾರಿಗೆ ಇನ್ನೊಮ್ಮೆ ಹೀಗಾಗುತ್ತದೆ. ಆಮೇಲೆ ಡಿಸೆಂಬರ್ 21, ಅದೇ 12.18 ಕೊಡಿ: ನೆರಳು ನೇರ ಉತ್ತರಕ್ಕೆ, 74 ಸೆಂ.ಮೀ. ಉದ್ದ ಬೀಳಬೇಕು. ಮೊದಲನೆಯದು ಅಕ್ಷಾಂಶ ಸರಿಯಿದೆಯೇ ಎಂದು ಹೇಳುತ್ತದೆ, ಎರಡನೆಯದು ನಿಮ್ಮ ದೃಶ್ಯದ ಉತ್ತರ ದಿಕ್ಕು ಸರಿಯಿದೆಯೇ ಎಂದು.

ಈಗ ಬೀದಿಯ ದಿಕ್ಕಿನ ಮಾತು. ಪೂರ್ವ-ಪಶ್ಚಿಮದ ಕ್ರಾಸಿನಲ್ಲಿ ಡಿಸೆಂಬರಿನ ಸೂರ್ಯ ಇಡೀ ದಿನ ದಕ್ಷಿಣಕ್ಕೇ ಇರುತ್ತಾನೆ. ಮಧ್ಯಾಹ್ನವೂ ಅವನ ಎತ್ತರ 53.6 ಡಿಗ್ರಿ ಮಾತ್ರ. ರಸ್ತೆಯ ಅಂಚಿಗೇ ನಿಂತ 10 ಮೀ. ಎತ್ತರದ ಕಟ್ಟಡ ಸುಮಾರು 7.4 ಮೀ. ನೆರಳು ಚೆಲ್ಲುತ್ತದೆ, ಅಂದರೆ 30 ಅಡಿ ರಸ್ತೆಯ ಬಹುಪಾಲು ನೆರಳಲ್ಲಿ ಮುಳುಗಿ, ಎದುರು ಸಾಲಿನ ಮನೆಗಳು ಬಿಸಿಲಿಗೆ ಮೈಯೊಡ್ಡಿರುತ್ತವೆ. ಜೂನ್‌ನಲ್ಲಿ ಇದು ತಿರುವುಮುರುವು: ಮಧ್ಯಾಹ್ನದ ಸೂರ್ಯ ಉತ್ತರಕ್ಕೆ ವಾಲಿ, ಅದೇ ಕಟ್ಟಡದ ನೆರಳು ದಕ್ಷಿಣಕ್ಕೆ, 2 ಮೀಟರಿಗಿಂತ ಕಡಿಮೆ. ಯುರೋಪಿನ ಊರಿನ ಎಚ್‌ಡಿಆರ್‌ಐ (ಸುತ್ತಲಿನ ನಿಜವಾದ ಬೆಳಕನ್ನು ಹಿಡಿದ 360 ಡಿಗ್ರಿ ಫೋಟೊ) ಆಕಾಶ ಹಾಕಿಕೊಂಡು ಮಟಮಟ ಮಧ್ಯಾಹ್ನ ಉದ್ದುದ್ದ ನೆರಳು ಬಿಟ್ಟರೆ, ಈ ಊರಿನಲ್ಲಿ ಬೆಳೆದವರಿಗೆ ಕಾರಣ ಹೇಳಲು ಬಾರದಿದ್ದರೂ ಏನೋ ತಪ್ಪಾಗಿದೆ ಎಂದು ಹೊಳೆದೇ ಹೊಳೆಯುತ್ತದೆ. ಮೋಡದ ದಿನ ಬೇಕಿದ್ದರೆ ಮಾತ್ರ ಎಚ್‌ಡಿಆರ್‌ಐ ಧಾರಾಳವಾಗಿ ಬಳಸಿ. ಪಾಲಿ ಹೇವನ್ ಎಂಬ ಜಾಲತಾಣದಲ್ಲಿ ಯಾವ ಹಕ್ಕಿನ ಕಟ್ಟೂ ಇಲ್ಲದೆ ಉಚಿತವಾಗಿ ಸಿಗುತ್ತವೆ.

ಸ್ಕೈ ಟೆಕ್ಸ್ಚರ್ ಹಾಕಿದ ಕೂಡಲೇ ಚಿತ್ರ ಬೆಳ್ಳಗೆ ಸುಟ್ಟುಹೋದಂತೆ ಕಾಣುತ್ತದೆ. ಹೆದರಿ ಸೂರ್ಯನ ಶಕ್ತಿ ಮಾತ್ರ ಇಳಿಸಬೇಡಿ, ಹಾಗೆ ಮಾಡಿದರೆ ಬಿಸಿಲು-ನೆರಳಿನ ಅನುಪಾತ ಕೆಡುತ್ತದೆ. ಕಲರ್ ಮ್ಯಾನೇಜ್‌ಮೆಂಟ್‌ನಲ್ಲಿ ಎಕ್ಸ್‌ಪೋಷರ್ ಇಳಿಸಿ. ಬೇಸ್ ಕಲರ್ (ವಸ್ತುವಿನ ಮೂಲ ಬಣ್ಣ, 0 ಕಪ್ಪು, 1 ಬಿಳುಪು) 0.18 ಇರುವ ಬೂದು ಗೋಲಿಯೊಂದನ್ನು ಬಿಸಿಲಲ್ಲಿಟ್ಟು, ಅದು ಮಧ್ಯಮ ಬೂದಾಗಿ ಕಾಣುವವರೆಗೆ ಇಳಿಸುತ್ತ ಹೋಗಿ. ವ್ಯೂ ಟ್ರಾನ್ಸ್‌ಫಾರ್ಮ್ ಎಜಿಎಕ್ಸ್‌ನಲ್ಲೇ ಇರಲಿ, 4.0ರಿಂದ ಅದೇ ಮೊದಲ ಆಯ್ಕೆಯಾಗಿ ಬರುತ್ತದೆ. ಸ್ಟ್ಯಾಂಡರ್ಡ್‌ನಲ್ಲಿ ಬಿಸಿಲು ಬಿದ್ದ ಹಳದಿ ಗೋಡೆ ಗದ್ದಲದ ಹಳದಿಯಾಗಿ ಒಡೆದು ಕಾಣುತ್ತದೆ.

ರಾತ್ರಿ ದೃಶ್ಯವಾದರೆ ಬ್ಲ್ಯಾಕ್‌ಬಾಡಿ ನೋಡ್ (ಕೆಲ್ವಿನ್ ಅಂಕೆಯಿಂದ ಬೆಳಕಿನ ಬಣ್ಣ ಕೊಡುವುದು) ಬಳಸಿ: ಹಳೆಯ ಸೋಡಿಯಂ ದೀಪ 2000 ಕೆಲ್ವಿನ್, ಬೀದಿಯ ಎಲ್‌ಇಡಿ 4000ಕ್ಕಿಂತ ಮೇಲೆ, ಅಂಗಡಿಯ ಟ್ಯೂಬ್‌ಲೈಟ್ 6500. ಇವು ಒಂದೇ ಬೀದಿಯಲ್ಲಿ ಕೂಡಿ ಇರುವುದರಿಂದಲೇ ನಮ್ಮ ರಾತ್ರಿಗಳಿಗೆ ಆ ಬಣ್ಣ. ಎಲ್ಲ ದೀಪವೂ ಒಂದೇ ಬಣ್ಣದಲ್ಲಿ ಉರಿದರೆ ಬೀದಿ ಸೆಟ್ ಹಾಕಿದಂತಿರುತ್ತದೆ.

ಡಾಂಬರು: ಐದು ಪದರ

ರಸ್ತೆ ಚಿತ್ರದ ಮೂರನೇ ಒಂದು ಭಾಗ ತುಂಬುತ್ತದೆ, ಆದ್ದರಿಂದ ಇಲ್ಲಿ ಆತುರ ಬೇಡ.

ಮೊದಲ ಪದರ ಡಾಂಬರಿನ ಜಲ್ಲಿ. 4ಕೆ ಟೆಕ್ಸ್ಚರ್ ಒಂದನ್ನು 4 ಮೀ. ಚೌಕಕ್ಕೆ ಹರಡಿದರೆ ಪ್ರತಿ ಸೆಂ.ಮೀ.ಗೆ ಸುಮಾರು 10 ಪಿಕ್ಸೆಲ್ ಸಿಗುತ್ತದೆ. ಕಾಲ ಬುಡದ ನೆಲಕ್ಕೂ ಇಷ್ಟು ಸಾಕು. ಹೊಸ ಡಾಂಬರಿನ ಬೇಸ್ ಕಲರ್ 0.04ರಿಂದ 0.05, ಹಳೆಯದು 0.10ರಿಂದ 0.15. ನಮ್ಮ ಬಹುತೇಕ ರಸ್ತೆಗಳು ಎರಡನೆಯ ಗುಂಪಿನವು. ಹೊಸಬರು ಹಾಕುವ ಕಡುಗಪ್ಪು ಎಲ್ಲೂ ಇಲ್ಲ. ರಫ್‌ನೆಸ್ (ಮೇಲ್ಮೈಯ ಒರಟುತನ, ಕಡಿಮೆಯಾದಷ್ಟೂ ಹೊಳಪು) 0.85ರಿಂದ 0.95. ರಫ್‌ನೆಸ್ ಮ್ಯಾಪ್ ಮತ್ತು ನಾರ್ಮಲ್ ಮ್ಯಾಪ್ (ಉಬ್ಬುತಗ್ಗಿನ ಭ್ರಮೆ ಕೊಡುವ ಚಿತ್ರ) ಇವುಗಳ ಕಲರ್ ಸ್ಪೇಸ್ ನಾನ್-ಕಲರ್ ಇರಲೇಬೇಕು. ಎಸ್‌ಆರ್‌ಜಿಬಿ ಉಳಿದುಬಿಟ್ಟರೆ ರಸ್ತೆ ಎಣ್ಣೆ ಸವರಿದಂತೆ ಮಿಂಚುತ್ತದೆ, ಆಮೇಲೆ ಕಾರಣ ಹುಡುಕುವುದರಲ್ಲಿ ದಿನ ಹೋಗುತ್ತದೆ.

ಎರಡನೆಯದು ದೊಡ್ಡ ಅಲೆ. ಒಂದೇ ಟೈಲ್ ಮತ್ತೆ ಮತ್ತೆ ಬರುವುದನ್ನು ಮುಚ್ಚಲು 6ರಿಂದ 8 ಮೀ. ಅಳತೆಯ ನಾಯ್ಸ್‌ನಿಂದ (ಕ್ರಮವಿಲ್ಲದ ಮಚ್ಚೆಗಳಿಂದ) ಬಣ್ಣವನ್ನು ಶೇ. 10–15ರಷ್ಟು ಮಾತ್ರ ಏರುಪೇರು ಮಾಡಿ.

ಮೂರನೆಯದು ಚಕ್ರದ ಜಾಡು. ಎರಡೂ ಬದಿಗೆ ಕಾರು ನಿಲ್ಲಿಸುವ 30 ಅಡಿ ರಸ್ತೆಯಲ್ಲಿ ಎರಡು ಸಾಲು ಸಂಚಾರ ಇರುವುದಿಲ್ಲ, ಎಲ್ಲರೂ ನಡುವಿನಲ್ಲೇ ಹೋಗುತ್ತಾರೆ. ಹಾಗಾಗಿ ಜಾಡು ಒಂದೇ ಜೋಡಿ, ನಡುವೆ ಸುಮಾರು 1.4 ಮೀ. ಜಾಡಿನಲ್ಲಿ ಜಲ್ಲಿ ಸವೆದು ಬಣ್ಣ ತುಸು ತಿಳಿ, ರಫ್‌ನೆಸ್ 0.1 ಕಡಿಮೆ. ಎರಡು ಜಾಡುಗಳ ನಡುವಿನ ಪಟ್ಟಿಯಲ್ಲಿ ಎಂಜಿನ್ ಎಣ್ಣೆಯ ಹನಿ ಬಿದ್ದು ಕಪ್ಪು. ಈ ಕಪ್ಪು ಎಲ್ಲೆಡೆ ಒಂದೇ ಸಮ ಅಲ್ಲ: ಹಂಪ್ ದಾಟಿದ ಕೂಡಲೇ, ಆಟೋ ನಿಲ್ಲುವ ಮೂಲೆಯಲ್ಲಿ, ತಿರುವಿನ ಮುಂದೆ ಗಾಢ. ಹಂಪ್‌ನ ನಿಯಮದ ಅಳತೆ 3.7 ಮೀ. ಅಗಲ, 10 ಸೆಂ.ಮೀ. ಎತ್ತರ. ಒಳರಸ್ತೆಗಳಲ್ಲಿ ಅದಕ್ಕಿಂತ ಕಿರಿದಾದ, ಗುಡ್ಡದಂಥ ಹಂಪ್‌ಗಳೂ ಇರುತ್ತವೆ. ನಿಮ್ಮ ಫೋಟೊದಲ್ಲಿರುವುದನ್ನು ಅನುಸರಿಸಿ.

ನಾಲ್ಕನೆಯದು ಅಗೆತದ ತೇಪೆ, ಬೆಂಗಳೂರಿನ ರಸ್ತೆಗೆ ಗುರುತು ಕೊಡುವುದು ಇದೇ. ನೀರಿನ ಪೈಪು, ಒಳಚರಂಡಿ, ಕೇಬಲ್‌ಗೆಂದು ಅಗೆದು ಮುಚ್ಚಿದ ಪಟ್ಟಿಗಳು 40ರಿಂದ 60 ಸೆಂ.ಮೀ. ಅಗಲ, ಅಂಚು ನೇರ, 1–2 ಸೆಂ.ಮೀ. ಕುಸಿದಿರುತ್ತವೆ. ಅವನ್ನು ಮನಸ್ಸಿಗೆ ಬಂದಲ್ಲಿ ಎಳೆಯಬೇಡಿ. ಪಟ್ಟಿ ಮುಖ್ಯ ಪೈಪಿನಿಂದ ಹೊರಟು ಒಂದು ಮನೆಯ ಕಾಂಪೌಂಡಿಗೆ ಹೋಗಿ ಮುಟ್ಟಬೇಕು. ಮುಟ್ಟುವ ಜಾಗದಲ್ಲಿ ಚಪ್ಪಡಿಯೂ ಎದ್ದು ಮತ್ತೆ ಕೂರಿಸಿದ್ದರಿಂದ ಸ್ವಲ್ಪ ಓರೆ. ಮ್ಯಾನ್‌ಹೋಲುಗಳನ್ನು ಒಂದೇ ಸಾಲಿನಲ್ಲಿಡಿ, ಏಕೆಂದರೆ ಅವುಗಳ ಕೆಳಗೆ ಒಂದೇ ಪೈಪು ಇದೆ.

ಐದನೆಯದು ಅಂಚಿನ ಕೆಮ್ಮಣ್ಣು. ಇಳಿಜಾರಿನಿಂದ ಜಾರಿದ ಮಣ್ಣು, ತರಗೆಲೆ, ಹೊಂಗೆ ಹೂವು ಅಂಚಿನ 30–40 ಸೆಂ.ಮೀ. ಪಟ್ಟಿಯಲ್ಲಿ ಸೇರುತ್ತವೆ. ಗೇಟಿನ ಮುಂದೆ ಮಾತ್ರ ಈ ಪಟ್ಟಿ ಕಡಿದುಹೋಗುತ್ತದೆ, ಏಕೆಂದರೆ ಅಲ್ಲಿ ದಿನಾ ಬೆಳಗ್ಗೆ ಗುಡಿಸಿ ನೀರು ಹಾಕಿ ರಂಗೋಲಿ ಬಿಡುತ್ತಾರೆ. ಗುಡಿಸಿದ ಅರ್ಧವೃತ್ತ, ಅದರೊಳಗೆ ಇನ್ನೂ ಒಣಗದ ನೆಲದ ಕಡುಬಣ್ಣ, ನಡುವೆ ರಂಗೋಲಿ, ಅದರ ಮೇಲೆ ಒಂದು ಸ್ಕೂಟರ್ ಚಕ್ರ ಹಾದುಹೋದ ಗೆರೆ. ಇಷ್ಟನ್ನು ಒಂದೇ ಮನೆಯ ಮುಂದೆ ನಿಷ್ಠೆಯಿಂದ ಮಾಡಿದರೆ ಬೀದಿಯಲ್ಲಿ ಜನ ಬಾಳುತ್ತಿದ್ದಾರೆ ಎಂದು ಯಾರೂ ಹೇಳಬೇಕಿಲ್ಲ. ರಂಗೋಲಿಗೆ ಚಿತ್ರ ಅಂಟಿಸುವುದಕ್ಕಿಂತ ಗೆರೆಯನ್ನು ಮಾಸ್ಕ್ (ಬಣ್ಣ ಎಲ್ಲಿ ಬೀಳಬೇಕೆಂದು ಹೇಳುವ ಕಪ್ಪು-ಬಿಳುಪು ಚಿತ್ರ) ಮಾಡಿ ಅಂಚಿಗೆ ನಾಯ್ಸ್ ಸೇರಿಸಿ. ಪುಡಿಯ ಗೆರೆ ಶುರುವಿನಲ್ಲಿ ದಪ್ಪ, ಕೊನೆಯಲ್ಲಿ ಸಣ್ಣ.

ಗುಂಡಿ, ತೇಪೆಯ ಕುಸಿತ ಇವನ್ನು ನಿಜವಾದ ಮೆಶ್‌ನಲ್ಲೇ (ಮಾದರಿಯ ಆಕಾರದಲ್ಲೇ) ಇಳಿಸಿ. ಜಲ್ಲಿಯ ಉಬ್ಬುತಗ್ಗಿಗೆ ನಾರ್ಮಲ್ ಮ್ಯಾಪ್ ಸಾಕು. ಕ್ಯಾಮೆರಾ ನೆಲಕ್ಕೆ ಹತ್ತಿರ ಇರುವುದರಿಂದ ನಾರ್ಮಲ್ ಮ್ಯಾಪ್ ಮಾತ್ರದ ಗುಂಡಿ ದೂರದಲ್ಲಿ ಚಪ್ಪಟೆ ಚಿತ್ರವೆಂದು ಬಯಲಾಗುತ್ತದೆ.

ಮನೆಗಳು

ನಿಜದಲ್ಲಿ ಯಾವ ಅಂಚೂ ಚಾಕುವಿನಷ್ಟು ಚೂಪಲ್ಲ. ಬೆವೆಲ್ ಮಾಡಿಫೈಯರ್, ಆಂಗಲ್ ಮಿತಿ 30 ಡಿಗ್ರಿ. ಗಾರೆಯ ಮೂಲೆಗೆ 8–10 ಮಿ.ಮೀ., ಕಲ್ಲಿಗೆ 1ರಿಂದ 2 ಸೆಂ.ಮೀ., ಗೇಟಿನ ಕಬ್ಬಿಣಕ್ಕೆ 2–3 ಮಿ.ಮೀ. ಆ ಅಂಚಿನಲ್ಲಿ ಬೆಳಕಿನ ಸಣ್ಣ ಗೆರೆ ಹಿಡಿದಾಗಲೇ ವಸ್ತುವಿಗೆ ತೂಕ ಬರುವುದು.

ಗೋಡೆಗೆ ಶುದ್ಧ ಬಿಳುಪು ಬೇಡ, 0.8ಕ್ಕಿಂತ ಮೇಲೆ ಹೋಗಬೇಡಿ. ಹೋದರೆ ಬೆಳಕು ಪುಟಿಯುತ್ತಲೇ ಉಳಿದು ನೆರಳುಗಳು ತೆಳ್ಳಗಾಗುತ್ತವೆ. ಕಲೆಗಳ ವಿಷಯಕ್ಕೆ ಬಂದರೆ ನೀರಿನ ದಾರಿ ಹಿಡಿಯಿರಿ. ಪ್ಯಾರಪೆಟ್ಟಿನ ಮೇಲಿಂದ ಕೆಳಕ್ಕೆ ಕಪ್ಪು ಗೆರೆಗಳು. ಸಜ್ಜೆಯ ಕೆಳಗೆ ಗೋಡೆ ಸ್ವಚ್ಛ, ಏಕೆಂದರೆ ಅಲ್ಲಿ ಮಳೆ ಬೀಳದು. ಸಜ್ಜೆಯ ಎರಡು ತುದಿಯಲ್ಲಿ ಮಾತ್ರ ಗೆರೆ ಇಳಿದಿರುತ್ತದೆ. ಗ್ರಿಲ್ಲಿನ ಮೊಳೆಯಿಂದ ತುಕ್ಕಿನ ಕಣ್ಣೀರು. ಬಚ್ಚಲ ಪೈಪಿನ ಕೀಲಿನಲ್ಲಿ ಪಾಚಿ. ಗೋಡೆಯ ಬುಡದಿಂದ 30–40 ಸೆಂ.ಮೀ. ವರೆಗೆ ಮಳೆ ಸಿಡಿಸಿದ ಕೆಮ್ಮಣ್ಣು. ಕಾಂಪೌಂಡಿನ ಮೇಲ್ಭಾಗ ಮತ್ತು ಗೇಟಿನ ಚಿಲಕದ ಸುತ್ತ ಕೈಯ ಜಿಡ್ಡು. ಆಂಬಿಯೆಂಟ್ ಅಕ್ಲೂಷನ್ ನೋಡ್ (ಸಂದಿಗಳನ್ನು ಗುರುತಿಸುವುದು) ಹಾಕಿ ಎಲ್ಲ ಸಂದಿಗೂ ಒಂದೇ ಕಂದು ಬಣ್ಣ ತುಂಬುವ ಅಭ್ಯಾಸ ಬಿಡಿ. ಅದು ಮೊದಲ ಮಾಸ್ಕ್ ಆಗಬಹುದು, ಮುಗಿದ ಕೆಲಸ ಆಗಲಾರದು.

ಮಾಳಿಗೆ ನೋಡುಗರ ಕಣ್ಣು ಬೇಗ ಹೋಗುವ ಜಾಗ, ಅಲ್ಲಿ ಆಕಾಶದೆದುರು ಎಲ್ಲವೂ ಎದ್ದು ಕಾಣುತ್ತದೆ. ಕಪ್ಪು ನೀರಿನ ಟ್ಯಾಂಕು, ಮುಂದೊಂದು ಮಹಡಿ ಎಬ್ಬಿಸಲೆಂದು ಬಿಟ್ಟ ಕಬ್ಬಿಣದ ಸರಳುಗಳು, ಬಟ್ಟೆ ಒಣಹಾಕುವ ತಂತಿ, ಸೋಲಾರ್ ಹೀಟರ್. ಹೀಟರ್‌ಗಳ ಫಲಕ ಎಲ್ಲ ಮನೆಯಲ್ಲೂ ದಕ್ಷಿಣಕ್ಕೇ ಮುಖ ಮಾಡಿರಲಿ. ಮನೆಯ ಬಾಗಿಲು ಯಾವ ದಿಕ್ಕಿಗಾದರೂ ಇರಲಿ, ಫಲಕ ಬಿಸಿಲಿನ ಕಡೆಗೆ. ಇಡೀ ಮನೆಯನ್ನು ನಕಲು ಮಾಡಿ 180 ಡಿಗ್ರಿ ತಿರುಗಿಸಿ ಎದುರು ಸಾಲಿಗೆ ಇಟ್ಟವರು ಸಿಕ್ಕಿಬೀಳುವುದು ಇಲ್ಲೇ.

ಬೋರ್ಡು ಮತ್ತು ಒತ್ತಕ್ಷರ

ಬ್ಲೆಂಡರ್‌ನ ಟೆಕ್ಸ್ಟ್ ಆಬ್ಜೆಕ್ಟ್‌ನಲ್ಲಿ ಕನ್ನಡವನ್ನು ನೇರ ಟೈಪ್ ಮಾಡಿದರೆ ಒತ್ತಕ್ಷರ ಕೂಡಿಕೊಳ್ಳುವುದಿಲ್ಲ. ‘ಸ್ಟೋರ್ಸ್’ ಎಂಬುದು ಅರ್ಧಾಕ್ಷರಗಳ ಸಾಲಾಗಿ ಬಿಡಿಬಿಡಿಯಾಗಿ ನಿಲ್ಲುತ್ತದೆ. ಇಡೀ ಬೀದಿ ಚೆನ್ನಾಗಿ ಬಂದು ಅಂಗಡಿಯ ಹೆಸರೇ ಮುರಿದಿದ್ದರೆ ಕನ್ನಡ ಓದುವವರ ಕಣ್ಣು ಅಲ್ಲಿಂದ ಕದಲುವುದಿಲ್ಲ. ದಾರಿ ಹೀಗಿದೆ:

1. ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಯೂನಿಕೋಡ್ ಫಾಂಟ್‌ನಿಂದ ಟೈಪ್ ಮಾಡಿ. ಸರಳ ಬೋರ್ಡಿಗೆ ನೋಟೋ ಸ್ಯಾನ್ಸ್ ಕನ್ನಡ, ದುಂಡು ದಪ್ಪ ಅಕ್ಷರಕ್ಕೆ ಬಾಲೂ ತಮ್ಮ.
2. ಪಾತ್ ಮೆನುವಿನಲ್ಲಿ ಆಬ್ಜೆಕ್ಟ್ ಟು ಪಾತ್ ಒತ್ತಿ. ಅಕ್ಷರ ಈಗ ಬರೀ ಗೆರೆ, ಇನ್ನು ಮುರಿಯಲಾರದು.
3. ಪ್ಲೇನ್ ಎಸ್‌ವಿಜಿ ಆಗಿ ಉಳಿಸಿ ಬ್ಲೆಂಡರ್‌ಗೆ ಇಂಪೋರ್ಟ್ ಮಾಡಿ. ತೀರಾ ಚಿಕ್ಕದಾಗಿ ಬರುತ್ತದೆ, ಕಾಣಲಿಲ್ಲವೆಂದು ಮತ್ತೆ ಮತ್ತೆ ಇಂಪೋರ್ಟ್ ಮಾಡಬೇಡಿ. ಎಲ್ಲ ಆಯ್ದು ಕಂಟ್ರೋಲ್ + ಜೆ ಒತ್ತಿ ಕೂಡಿಸಿ, ಹಿಗ್ಗಿಸಿ.
4. ಅಕ್ರಿಲಿಕ್ ಅಕ್ಷರವಾದರೆ 2–3 ಸೆಂ.ಮೀ. ಎಕ್ಸ್‌ಟ್ರೂಡ್ ಮಾಡಿ ಮೆಶ್‌ಗೆ ಬದಲಿಸಿ. ಫ್ಲೆಕ್ಸ್ ಬೋರ್ಡಾದರೆ ಇದೇನೂ ಬೇಡ, ಪಿಎನ್‌ಜಿ ಚಿತ್ರ ಸಾಕು.

ಬೋರ್ಡಿನಲ್ಲಿ ಶೇ. 60ರಷ್ಟು ಕನ್ನಡ ಇರಬೇಕೆಂದು 2024ರಲ್ಲಿ ಕಾನೂನು ತಿದ್ದುಪಡಿಯಾಗಿದೆ. ಈಗಿನ ಬೀದಿ ತೋರಿಸುವುದಾದರೆ ಕನ್ನಡ ಮೇಲೆ, ದೊಡ್ಡದಾಗಿ. ಹಳೆಯ ಫ್ಲೆಕ್ಸಿನಲ್ಲಿ ಕೆಂಪು, ಹಳದಿ ಶಾಯಿ ಬಿಸಿಲಿಗೆ ಮೊದಲು ಹಾರಿ ನೀಲಿ ಉಳಿಯುತ್ತದೆ, ಆದ್ದರಿಂದ ಬರೀ ಸ್ಯಾಚುರೇಶನ್ ಇಳಿಸದೆ ಬಣ್ಣವನ್ನು ನೀಲಿಯ ಕಡೆ ಜಾರಿಸಿ. ಇದೂ ದಿಕ್ಕಿನ ಮಾತೇ: ದಕ್ಷಿಣಕ್ಕೆ ಮುಖಮಾಡಿದ ಬೋರ್ಡು ಎದುರಿನದಕ್ಕಿಂತ ಬೇಗ ಮಾಸುತ್ತದೆ. ‘ಗೇಟಿನ ಮುಂದೆ ವಾಹನ ನಿಲ್ಲಿಸಬೇಡಿ’, ‘ಮನೆ ಬಾಡಿಗೆಗಿದೆ’ ಎಂಬ ತಗಡುಗಳು ತಂತಿಯಿಂದ ಕಟ್ಟಿದವು, ತುಸು ಓರೆಯಾಗಿರಲಿ.

ತಂತಿಗಳು

ಕಂಬಗಳ ನಡುವೆ 30 ಮೀ. ಇದ್ದರೆ ನಡುವೆ 60 ಸೆಂ.ಮೀ. ಜೋಲು ಕೊಡಿ, ಕೇಬಲ್ ಮತ್ತು ಇಂಟರ್ನೆಟ್ ತಂತಿಗಳು ಇನ್ನೂ ಜೋಲುತ್ತವೆ, ಪ್ರತಿಯೊಂದೂ ಬೇರೆ ಬೇರೆ ಅಳತೆಗೆ. ಹೆಚ್ಚಾದ ತಂತಿಯ ಸುರುಳಿ ಕಂಬದಲ್ಲೋ ಮರದಲ್ಲೋ ತೂಗುತ್ತಿರುತ್ತದೆ. ಕರ್ವ್ ಎಳೆದು ಬೆವೆಲ್ ಡೆಪ್ತ್‌ನಿಂದ ದಪ್ಪ ಕೊಡಿ. ಒಂದು ಲೆಕ್ಕ ನೆನಪಿರಲಿ: 35 ಮಿ.ಮೀ. ಲೆನ್ಸ್, 1920 ಪಿಕ್ಸೆಲ್ ಅಗಲದ ಚಿತ್ರದಲ್ಲಿ 25 ಮೀ. ದೂರದ ಒಂದು ಪಿಕ್ಸೆಲ್ ಎಂದರೆ 1.3 ಸೆಂ.ಮೀ. ನಿಮ್ಮ 8 ಮಿ.ಮೀ. ತಂತಿ ಪಿಕ್ಸೆಲ್‌ಗಿಂತ ಸಣ್ಣದು, ಡಿನಾಯ್ಸರ್ (ರೆಂಡರ್‌ನ ಚುಕ್ಕೆಗಳನ್ನು ಅಳಿಸುವ ಸಾಧನ) ಅದನ್ನು ಅಲ್ಲಲ್ಲಿ ನುಂಗುತ್ತದೆ, ಅನಿಮೇಶನ್‌ನಲ್ಲಿ ಮಿಣುಕುತ್ತದೆ. ದೂರದ ತಂತಿಗಳನ್ನು ಎರಡು ಪಟ್ಟು ದಪ್ಪ ಮಾಡಿಬಿಡಿ.

ಬೀದಿಯ ಕೊನೆಯಲ್ಲಿ ಮೆಟ್ರೋ ಸೇತುವೆ ಕಾಣುವುದಾದರೆ ಅದರ ಮೇಲೆ ವಿದ್ಯುತ್ ತಂತಿ ಎಳೆಯಬೇಡಿ. ನಮ್ಮ ಮೆಟ್ರೋ 750 ವೋಲ್ಟ್‌ನ ಮೂರನೇ ಹಳಿಯಿಂದ ವಿದ್ಯುತ್ ಪಡೆಯುತ್ತದೆ, ಹಳಿಯ ಮೇಲೆ ಬರೀ ಆಕಾಶ.

ಮರ

ಮರ ಮತ್ತು ಸೂರ್ಯನ ದಿನಾಂಕ ಹೊಂದಬೇಕು. ಗುಲ್ಮೊಹರ್ ಕೆಂಪಾಗುವುದು ಏಪ್ರಿಲ್, ಮೇ ಹೊತ್ತಿಗೆ. ಜಕರಂಡದ ನೇರಳೆ ಫೆಬ್ರವರಿ-ಮಾರ್ಚ್‌ನದು. ಹೊಂಗೆ ಎಲೆ ಉದುರಿಸಿ ಹೊಳೆಯುವ ಎಳೆಹಸಿರು ಹೊರುವುದು ಬೇಸಿಗೆಯ ಬಾಗಿಲಲ್ಲಿ. ಡಿಸೆಂಬರಿನ ನೆರಳಿನಲ್ಲಿ ಗುಲ್ಮೊಹರ್ ಅರಳಿಸಬೇಡಿ.

ಎಲೆಗೆ ಬರೀ ಹಸಿರು ಬಳಿದರೆ ಪ್ಲಾಸ್ಟಿಕ್ಕಾಗುತ್ತದೆ. ಟ್ರಾನ್ಸ್‌ಲೂಸೆಂಟ್ ಶೇಡರನ್ನು (ಎಲೆಯ ಮೂಲಕ ಬೆಳಕು ಹಾಯಿಸುವುದು) 0.3–0.4 ಬೆರೆಸಿ, ಅದರ ಬಣ್ಣ ಮೇಲ್ಮೈಗಿಂತ ಹಳದಿಯ ಕಡೆಗಿರಲಿ. ಎಲೆಗಳನ್ನು ಆಲ್ಫಾ ಚಿತ್ರದಿಂದ (ಎಲೆಯ ಸುತ್ತ ಪಾರದರ್ಶಕವಾದ ಚಿತ್ರ) ಮಾಡಿದ್ದರೆ ಮರದೊಳಗೆ ಕಪ್ಪು ಮಚ್ಚೆಗಳು ಕಾಣುತ್ತವೆ. ಕಾರಣ, ಲೈಟ್ ಪಾತ್ಸ್‌ನಲ್ಲಿ ಟ್ರಾನ್ಸ್‌ಪರೆಂಟ್ ಮಿತಿ 8 ಇರುತ್ತದೆ, ಬೆಳಕಿನ ಗೆರೆ ಒಂಬತ್ತನೆಯ ಎಲೆಗೆ ಬಂದಾಗ ಸಾಯುತ್ತದೆ. ಅದನ್ನು 32ಕ್ಕೆ ಏರಿಸಿ. ಮರಗಳ ನಕಲಿಗೆ ಆಲ್ಟ್ + ಡಿ ಬಳಸಿ (ಎಲ್ಲ ನಕಲುಗಳೂ ಒಂದೇ ಮೆಶ್ ಹಂಚಿಕೊಳ್ಳುತ್ತವೆ), ಶಿಫ್ಟ್ + ಡಿ ಬೇಡ. ಇಲ್ಲದಿದ್ದರೆ 8 ಜಿಬಿ ಮೆಮೊರಿ ನಾಲ್ಕನೇ ಮರಕ್ಕೇ ತುಂಬಬಹುದು. ಉದುರಿದ ಎಲೆಗಳಿಗೆ ಜಿಯಾಮೆಟ್ರಿ ನೋಡ್ಸ್‌ನ ಡಿಸ್ಟ್ರಿಬ್ಯೂಟ್ ಪಾಯಿಂಟ್ಸ್ ಆನ್ ಫೇಸಸ್ ಸಾಕು, ಆದರೆ ಸಾಂದ್ರತೆಯನ್ನು ರಸ್ತೆಯ ಐದನೇ ಪದರದ ಮಾಸ್ಕಿಗೇ ಕಟ್ಟಿ. ದೊಡ್ಡ ಮಳೆಮರವಿದ್ದರೆ ಅದರ ಬೇರು ಚಪ್ಪಡಿಯನ್ನು ಎತ್ತಿರಲಿ.

ವಾಹನ, ಜನ

ಇಳಿಸಿಕೊಂಡ ಕಾರುಗಳಲ್ಲಿ ಸ್ಟೀರಿಂಗ್ ಎಡಕ್ಕೆ ಇರುವುದು ಸಾಮಾನ್ಯ. ಮಿರರ್ ಮಾಡಿದರೆ ಸರಿಹೋಗುತ್ತದೆ, ಆದರೆ ನಂಬರ್ ಪ್ಲೇಟಿನ ಅಕ್ಷರವೂ ತಿರುಗುತ್ತದೆ. ಪ್ಲೇಟನ್ನು ಬೇರೆಯಾಗಿ ಹಾಕಿ. ಕಾರಿನ ಪ್ಲೇಟ್ 50 ಸೆಂ.ಮೀ. ಉದ್ದ, 12 ಸೆಂ.ಮೀ. ಎತ್ತರ. ಸ್ವಂತ ವಾಹನಕ್ಕೆ ಬಿಳಿ, ಆಟೋ ಮತ್ತು ಟ್ಯಾಕ್ಸಿಗೆ ಹಳದಿ, ವಿದ್ಯುತ್ ವಾಹನಕ್ಕೆ ಹಸಿರು. ಮಲ್ಲೇಶ್ವರದ ಬೀದಿಗೆ ಕೆಎ 02, ಕೆಎ 04 ಹೆಚ್ಚು ಒಪ್ಪುತ್ತವೆ. ನಂಬರು ಮಾತ್ರ ಯಾರದೂ ಆಗದಂತೆ ನೋಡಿ. ಸೈಡ್ ಸ್ಟ್ಯಾಂಡ್ ಹಾಕಿದ ಬೈಕು ಎಡಕ್ಕೆ 10–15 ಡಿಗ್ರಿ ವಾಲಿ, ಹ್ಯಾಂಡಲ್ಲೂ ಎಡಕ್ಕೆ ತಿರುಗಿರುತ್ತದೆ. ಟೈರನ್ನು ನೆಲದೊಳಕ್ಕೆ 1 ಸೆಂ.ಮೀ. ಇಳಿಸಿ, ಇಲ್ಲದಿದ್ದರೆ ವಾಹನ ತೇಲುತ್ತದೆ. ಓಡುವ ವಾಹನಕ್ಕೆ ಮೋಷನ್ ಬ್ಲರ್ ಶಟರ್ 0.5: ಗಂಟೆಗೆ 30 ಕಿ.ಮೀ. ಓಡುವ ಆಟೋ 25 ಫ್ರೇಮ್ ವೇಗದಲ್ಲಿ ಸುಮಾರು 17 ಸೆಂ.ಮೀ. ಮಸುಕಾಗುತ್ತದೆ. ಅದಕ್ಕಿಂತ ಹೆಚ್ಚು ಬೇಡ.

ಜನರನ್ನು 8 ಮೀಟರಿಗಿಂತ ಹತ್ತಿರ ತರಬೇಡಿ. ಬೆನ್ನು ಹಾಕಿದವರು, ನೆರಳಲ್ಲಿ ಬಾಗಿ ಹೂ ಕಟ್ಟುವವರು ಸಾಕು. ಪಾದ ನೆಲಕ್ಕೆ ತಾಗಿದೆಯೇ ಎಂದು ಪ್ರತಿಯೊಬ್ಬರಿಗೂ ನೋಡಿ.

ಮಳೆ ಬಿದ್ದ ಮೇಲೆ

ಒದ್ದೆ ರಸ್ತೆ ಸುಂದರ, ಅದಕ್ಕೇ ಎಲ್ಲರೂ ಇಡೀ ರಸ್ತೆಯನ್ನು ಕನ್ನಡಿ ಮಾಡಿಬಿಡುತ್ತಾರೆ. ಮೂರು ಸ್ಥಿತಿ ಬೇರೆ ಮಾಡಿ. ನಿಂತ ನೀರು: ರಸ್ತೆಯ ಎತ್ತರದ ಮ್ಯಾಪಿನಲ್ಲಿ ಒಂದು ಮಟ್ಟಕ್ಕಿಂತ ಕೆಳಗಿರುವ ಜಾಗ, ರಫ್‌ನೆಸ್ 0.02–0.05, ಐಒಆರ್ (ವಕ್ರೀಭವನ ಸೂಚ್ಯಂಕ) 1.33, ನಾರ್ಮಲ್ ಸಪಾಟು. ನೆನೆದ ಡಾಂಬರು: ಬೇಸ್ ಕಲರ್ ಅರ್ಧಕ್ಕೆ ಇಳಿಯುತ್ತದೆ, ರಫ್‌ನೆಸ್ 0.3–0.5, ಜಲ್ಲಿಯ ಉಬ್ಬು ಉಳಿಯುತ್ತದೆ. ಒಣ ಜಾಗ: ನಿಂತ ಕಾರಿನ ಕೆಳಗೆ ಕಾರಿನ ಆಕಾರದಲ್ಲೇ ಒಣನೆಲ, ಸಜ್ಜೆಯ ಕೆಳಗೆ ಒಂದು ಪಟ್ಟಿ. ಆ ಕಾರು ಈಗಷ್ಟೇ ಹೊರಟುಹೋಗಿದ್ದರೆ ಒಣ ಆಯತ ಮಾತ್ರ ಉಳಿದಿರುತ್ತದೆ. ನಡು ಎತ್ತರಿಸಿದ್ದರಿಂದ ನೀರು ತಾನಾಗಿ ಅಂಚಿನಲ್ಲಿ, ತೇಪೆಯ ಕುಸಿತದಲ್ಲಿ ನಿಲ್ಲುತ್ತದೆ. ಒದ್ದೆ ಬೀದಿಗೆ ಚುರುಕು ಬಿಸಿಲು ಬೇಡ, ಮೋಡದ ಎಚ್‌ಡಿಆರ್‌ಐ ಹಾಕಿ.

ರೆಂಡರ್ ಮತ್ತು ಕೊನೆಯ ಕೈ

ಸ್ಥಿರಚಿತ್ರಕ್ಕೆ ನಾಯ್ಸ್ ಥ್ರೆಶೋಲ್ಡ್ 0.02, ಗರಿಷ್ಠ ಸ್ಯಾಂಪಲ್ 1024, ಓಪನ್ ಇಮೇಜ್ ಡಿನಾಯ್ಸ್‌ಗೆ ಆಲ್ಬೀಡೊ ಮತ್ತು ನಾರ್ಮಲ್ ಪಾಸ್ ಎರಡನ್ನೂ ಕೊಡಿ. ಡಿಫ್ಯೂಸ್ ಬೌನ್ಸ್ (ಬೆಳಕು ಮೇಲ್ಮೈಗಳಿಂದ ಪುಟಿಯುವ ಸಲ) 4ಕ್ಕಿಂತ ಇಳಿಸಬೇಡಿ. ಎದುರಿನ ಬಿಸಿಲುಗೋಡೆಯ ಹಳದಿ ಈ ಕಡೆಯ ನೆರಳಿಗೆ ಬರುವುದು ಅದರಿಂದಲೇ. ಗಾಳಿಯ ದೂಳಿಗೆ ವಾಲ್ಯೂಮ್ ಹಾಕಿದರೆ ರೆಂಡರ್ ಸಮಯ ಏರುತ್ತದೆ; ಹಗಲಿನ ಬೀದಿಗೆ ಮಿಸ್ಟ್ ಪಾಸ್ (ದೂರವನ್ನು ತೋರಿಸುವ ಬೂದು ಚಿತ್ರ) ತೆಗೆದುಕೊಂಡು ಕಾಂಪೋಸಿಟರ್‌ನಲ್ಲಿ (ರೆಂಡರ್ ಆದ ಚಿತ್ರವನ್ನು ತಿದ್ದುವ ಭಾಗ) ಆಕಾಶದ ಅಂಚಿನ ಬಣ್ಣವನ್ನು ತೆಳುವಾಗಿ ಬೆರೆಸಿ, 100 ಮೀ. ದೂರದಲ್ಲಿ ಶೇ. 10–15 ಮೀರದಂತೆ. ಎಲ್ಲವನ್ನೂ ಮಲ್ಟಿಲೇಯರ್ ಓಪನ್‌ಇಎಕ್ಸ್‌ಆರ್ (ಬೆಳಕಿನ ಪೂರ್ಣ ಮಾಹಿತಿ ಉಳಿಸುವ ಕಡತ) ಆಗಿ ಉಳಿಸಿದರೆ ಎಕ್ಸ್‌ಪೋಷರ್ ಬದಲಿಸಲು ಮತ್ತೆ ರೆಂಡರ್ ಬೇಕಾಗುವುದಿಲ್ಲ.

ಕಾಂಪೋಸಿಟರ್‌ನಲ್ಲಿ ಗ್ಲೇರ್ ಅಲ್ಪ, ಲೆನ್ಸ್ ಡಿಸ್ಪರ್ಶನ್ 0.005ರಿಂದ 0.01, ಕೊನೆಯಲ್ಲಿ ಸಣ್ಣ ಗ್ರೇನ್. ಡಿನಾಯ್ಸರ್ ನುಣುಪು ಮಾಡಿದ ಗೋಡೆಗೆ ಫೋಟೊದ ಗುಣ ಮರಳಿ ಬರುವುದು ಗ್ರೇನ್‌ನಿಂದ. ಆಮೇಲೆ ನೀವು ತೆಗೆದ ಬೀದಿಯ ಫೋಟೊ ಮತ್ತು ರೆಂಡರ್ ಎರಡನ್ನೂ ಅಕ್ಕಪಕ್ಕ ಇಟ್ಟು ಕಪ್ಪು-ಬಿಳುಪಿಗೆ ಬದಲಿಸಿ. ಬಿಸಿಲು ಬಿದ್ದ ಡಾಂಬರು, ನೆರಳಿನ ಡಾಂಬರು, ಸುಣ್ಣದ ಗೋಡೆ ಈ ಮೂರರ ಬೆಳಕನ್ನು ಎರಡರಲ್ಲೂ ಅಳೆಯಿರಿ. ನೆರಳು ಫೋಟೊಗಿಂತ ಕಪ್ಪಾಗಿದ್ದರೆ ಬೌನ್ಸ್ ನೋಡಿ, ತೆಳುವಾಗಿದ್ದರೆ ಗೋಡೆಯ ಬಿಳುಪು ನೋಡಿ, ಡಾಂಬರು ಮಾತ್ರ ಹೊಂದದಿದ್ದರೆ ಮೊದಲ ಪದರದ ಬೇಸ್ ಕಲರ್‌ಗೆ ಮರಳಿ.